ಕೊಡಗಿನಲ್ಲಿ ನಾಲ್ಕು ದಿನದ ಮೌಂಟನ್ ಬೈಕ್ ರೇಸ್: ಸಪೋರ್ಟ್ ತಂಡಕ್ಕೊಂದು ಸಮಗ್ರ ಮಾರ್ಗದರ್ಶಿ

ಹಲವು ದಿನಗಳ ಮೌಂಟನ್ ಬೈಕ್ ರೇಸಿನಲ್ಲಿ ರೈಡರ್ ದಿನಕ್ಕೆ ಐದಾರು ಗಂಟೆ ಪೆಡಲ್ ತುಳಿಯುತ್ತಾರೆ. ಮಿಕ್ಕ ಹದಿನೆಂಟು ಗಂಟೆ ಸಪೋರ್ಟ್ ತಂಡದ್ದು. ಮೂರನೇ ದಿನ ಬೆಳಗ್ಗೆ ಯಾರ ಕಾಲಿನಲ್ಲಿ ದಮ್ಮಿದೆ, ಯಾರ ಬ್ರೇಕ್ ಹಿಡಿಯುತ್ತದೆ ಎಂಬುದು ತೀರ್ಮಾನವಾಗುವುದು ಹಿಂದಿನ ಮಧ್ಯಾಹ್ನ ಎರಡರಿಂದ ರಾತ್ರಿ ಒಂಬತ್ತರ ನಡುವೆ. ಕೊಡಗಿನಲ್ಲಂತೂ ಈ ಏಳು ಗಂಟೆಗಳ ಹೆಚ್ಚಿನ ಪಾಲು ಒಂದೇ ಶತ್ರುವಿನ ಜತೆ ಹೋಗುತ್ತದೆ. ಅದು ತೇವ. ಬ್ರೇಕ್ ಪ್ಯಾಡ್ ತಿನ್ನುವುದೂ ಅದೇ, ಚೈನ್ ಕೆಡಿಸುವುದೂ ಅದೇ, ಬಟ್ಟೆ ಒಣಗಲು ಬಿಡದಿರುವುದೂ ಅದೇ.

ಇಲ್ಲಿನ ಲೆಕ್ಕವೆಲ್ಲ ನಾಲ್ವರು ರೈಡರ್‌ಗಳು, ನಾಲ್ಕು ಸ್ಟೇಜ್ (ದಿನಕ್ಕೊಂದು ಓಟ), ಒಂದು ಪಿಕಪ್ ಅಥವಾ ದೊಡ್ಡ ಕಾರು ಮತ್ತು ಮೂವರು ಸಹಾಯಕರಿಗೆ ಹಾಕಿದ್ದು. ನಿಮ್ಮ ತಂಡ ಚಿಕ್ಕದಾದರೆ ಬಿಡಿಭಾಗ ಕಡಿಮೆ ಮಾಡಿ, ಜನರನ್ನು ಕಡಿಮೆ ಮಾಡಬೇಡಿ.

ಮೂವರು, ಮೂರು ಕೆಲಸ

ಒಬ್ಬರು ಮೆಕ್ಯಾನಿಕ್. ಒಬ್ಬರು ಊಟ, ನೀರು, ಬಟ್ಟೆ, ಗಾಯ ನೋಡಿಕೊಳ್ಳುವವರು. ಇನ್ನೊಬ್ಬರು ಚಾಲಕ, ದಾರಿ, ಸಮಯ, ಫೋನು, ದುಡ್ಡು, ಆಯೋಜಕರ ಜತೆಗಿನ ಮಾತು ಎಲ್ಲ ಅವರದು. ಮೆಕ್ಯಾನಿಕ್‌ನನ್ನೇ ಡ್ರೈವರ್ ಮಾಡುವುದು ಎಲ್ಲರೂ ಮಾಡುವ ಉಳಿತಾಯ. ಎರಡನೇ ದಿನ ರಾತ್ರಿ ಹನ್ನೊಂದರವರೆಗೆ ಸೈಕಲ್ ಬಿಚ್ಚಿ ಕೂತವರು ಮರುದಿನ ಐದಕ್ಕೆ ಮಂಜಿನಲ್ಲಿ ಘಾಟಿ ರಸ್ತೆ ಓಡಿಸುವಾಗ ಅದರ ಬೆಲೆ ಗೊತ್ತಾಗುತ್ತದೆ.

ಮೊದಲೇ ಒಪ್ಪಿಕೊಳ್ಳಬೇಕಾದ ಮಾತೊಂದಿದೆ: ಸ್ಟೇಜ್ ಮುಗಿಸಿ ಬಂದ ರೈಡರ್‌ಗೆ ಪ್ರಶ್ನೆ ಕೇಳಬಾರದು. "ಏನು ತಿಂತೀರಾ?" ಎಂದರೆ "ಏನೂ ಬೇಡ" ಎನ್ನುತ್ತಾರೆ. "ಸೈಕಲ್ ಸರಿ ಇದೆಯಾ?" ಎಂದರೆ "ಸರಿ ಇದೆ" ಎನ್ನುತ್ತಾರೆ. ಎರಡೂ ನಂಬುವ ಮಾತಲ್ಲ. ಬಟ್ಟಲನ್ನು ಕೈಗಿಡಿ, ಸೈಕಲನ್ನು ನೀವೇ ನೋಡಿ. ಅರ್ಧ ಗಂಟೆ ಬಿಟ್ಟು, ಅವರು ಕುಳಿತು ತಿಂದ ಮೇಲೆ ಕೇಳಬೇಕಾದದ್ದು ಇಷ್ಟೇ: ಎಲ್ಲಿ ಸದ್ದು ಬಂತು, ಎಲ್ಲಿ ಗೇರ್ ಜಿಗಿಯಿತು, ಎಲ್ಲಿ ನೋವಿದೆ.

ನಿಯಮ ಓದಿ, ಆಮೇಲೆ ಸಾಮಾನು ಕೊಳ್ಳಿ

ಹೊರಗಿನ ಸಹಾಯ ಎಲ್ಲಿ ಸಲ್ಲುತ್ತದೆ ಎಂಬುದು ರೇಸಿನಿಂದ ರೇಸಿಗೆ ಬೇರೆ. ಗುರುತಿಸಿದ ಫೀಡ್ ಝೋನ್ (ತಿನ್ನಲು ಕುಡಿಯಲು ಕೊಡುವ ಜಾಗ) ಮತ್ತು ಟೆಕ್ ಝೋನ್‌ಗಳಲ್ಲಿ (ರಿಪೇರಿಯ ಜಾಗ) ಮಾತ್ರ ಬಾಟಲಿ, ಚಕ್ರ ಕೊಡಬಹುದು, ಬೇರೆಡೆ ಕೊಟ್ಟರೆ ಸಮಯದ ದಂಡ ಎನ್ನುವುದು ಸಾಮಾನ್ಯ ಪದ್ಧತಿ. ಎಸ್ಟೇಟ್ ರಸ್ತೆಯ ತಿರುವಿನಲ್ಲಿ ಪ್ರೀತಿಯಿಂದ ಕೊಟ್ಟ ಒಂದು ಬಾಳೆಹಣ್ಣು ತಂಡವನ್ನು ಕೆಳಗಿಳಿಸಬಹುದು. ಜೋಡಿ ವಿಭಾಗವಿದ್ದರೆ ಇನ್ನೂ ಎಚ್ಚರ ಬೇಕು. ದಕ್ಷಿಣ ಆಫ್ರಿಕಾದ ಕೇಪ್ ಎಪಿಕ್‌ನಲ್ಲಿ ಜೋಡಿಯ ಇಬ್ಬರೂ ಎರಡು ನಿಮಿಷದ ಅಂತರದೊಳಗೇ ಇರಬೇಕು. ಇಂಥ ನಿಯಮವಿದ್ದಲ್ಲಿ ಒಬ್ಬರ ಪಂಕ್ಚರ್ ಇಬ್ಬರದೂ ಆಗುತ್ತದೆ.

ಹಾಗಾಗಿ ನಾಲ್ಕೂ ಸೈಕಲ್‌ಗಳ ಬ್ರೇಕ್ ಪ್ಯಾಡ್ ಮಾದರಿ, ಚೈನಿನ ಸ್ಪೀಡ್ (ಹಿಂದಿನ ಗೇರ್‌ಗಳ ಸಂಖ್ಯೆ), ಆಕ್ಸಲ್ ಅಳತೆ, ರೋಟರ್ (ಚಕ್ರದ ಜತೆ ತಿರುಗುವ ಬ್ರೇಕ್ ತಟ್ಟೆ) ಗಾತ್ರ, ಹ್ಯಾಂಗರ್ (ಹಿಂದಿನ ಗೇರ್ ಬದಲಿಸುವ ಡಿರೇಲರನ್ನು ಫ್ರೇಮಿಗೆ ಹಿಡಿದಿಡುವ ಚಿಕ್ಕ ಕೊಂಡಿ) ಇವನ್ನು ಒಂದು ಹಾಳೆಯಲ್ಲಿ ಬರೆಯಿರಿ. ಎಷ್ಟು ಒಂದೇ ಆಗಿವೆಯೋ ಅಷ್ಟು ನಿಮ್ಮ ಪೆಟ್ಟಿಗೆ ಹಗುರ. ಒಬ್ಬರದು ಮಿನರಲ್ ಆಯಿಲ್ ಬ್ರೇಕ್, ಇನ್ನೊಬ್ಬರದು ಡಾಟ್ ದ್ರವದ್ದು ಎಂದಾದರೆ ಎರಡು ಬ್ಲೀಡ್ ಕಿಟ್ (ಬ್ರೇಕಿನ ದ್ರವ ಬದಲಿಸಿ ಗಾಳಿ ತೆಗೆಯುವ ಸಿರಿಂಜಿನ ಸೆಟ್) ಬೇಕು. ಸಿರಿಂಜಿಗೆ ಬಣ್ಣದ ಟೇಪ್ ಸುತ್ತಿ ಬೇರೆ ಬೇರೆ ಡಬ್ಬದಲ್ಲಿಡಿ. ಒಂದರ ಹನಿ ಇನ್ನೊಂದರೊಳಗೆ ಹೋದರೆ ಸೀಲುಗಳು ಉಬ್ಬಿ ಬ್ರೇಕ್ ಕೆಲಸಕ್ಕೆ ಬಾರದಂತಾಗುತ್ತದೆ.

ಕಾಲ, ನೆಲೆ, ದಾರಿ

ಜೂನ್‌ನಿಂದ ಸೆಪ್ಟೆಂಬರ್ ಬಿಡಿ, ಅದು ಮಳೆಯ ಕಾಲ. 2018ರ ಆಗಸ್ಟ್ ಭೂಕುಸಿತದ ನಂತರ ಮಕ್ಕಂದೂರು, ಕಾಲೂರು ಕಡೆಯ ದಾರಿಗಳ ಬಗ್ಗೆ ಹಳೆಯ ನಕ್ಷೆಯನ್ನು ನಂಬುವಂತಿಲ್ಲ. ಅಕ್ಟೋಬರ್, ನವೆಂಬರಿನಲ್ಲಿ ಬಿಸಿಲಿದ್ದರೂ ತೋಟದೊಳಗಿನ ದಾರಿ ನೆರಳಿನಲ್ಲಿ ಒಣಗದೆ ಜಾರುತ್ತದೆ, ಮಧ್ಯಾಹ್ನದ ಮೇಲೆ ಗುಡುಗು ಮಳೆಯೂ ಬರಬಹುದು. ಡಿಸೆಂಬರಿನಿಂದ ಫೆಬ್ರವರಿಯವರೆಗೆ ನೆಲ ಗಟ್ಟಿ, ಬೆಳಗ್ಗೆ ಚಳಿ, ಆದರೆ ಅದು ಕಾಫಿ ಕುಯ್ಲಿನ ಕಾಲ. ತೋಟದ ದಾರಿಯಲ್ಲಿ ಟ್ರ್ಯಾಕ್ಟರ್, ಜೀಪು, ಕೆಲಸದವರು ಇರುತ್ತಾರೆ. ಅಕ್ಟೋಬರ್ 17ರ ಆಸುಪಾಸಿನ ಕಾವೇರಿ ಸಂಕ್ರಮಣದಂದು ಭಾಗಮಂಡಲ, ತಲಕಾವೇರಿ ರಸ್ತೆಯಲ್ಲಿ ಸಪೋರ್ಟ್ ಗಾಡಿ ಹೊತ್ತಿಗೆ ಸರಿಯಾಗಿ ತಲುಪುವ ಆಸೆ ಬೇಡ.

ನೆಲೆ ಆದಷ್ಟು ಒಂದೇ ಇರಲಿ. ಕುಶಾಲನಗರ, ಸೋಮವಾರಪೇಟೆ, ಭಾಗಮಂಡಲ, ವಿರಾಜಪೇಟೆ ನಾಲ್ಕೂ ಕಡೆಗೆ ರಸ್ತೆ ಹೊರಡುವುದು ಮಡಿಕೇರಿಯಿಂದ. ಸ್ಟೇಜ್‌ಗಳು ಕಕ್ಕಬ್ಬೆ, ಗೋಣಿಕೊಪ್ಪ, ಶ್ರೀಮಂಗಲದ ಕಡೆಗಿದ್ದರೆ ವಿರಾಜಪೇಟೆ ಒಳ್ಳೆಯದು. ದಿನಾ ಮನೆ ಬದಲಿಸಿದರೆ ಕಟ್ಟಿ ಬಿಚ್ಚುವುದರಲ್ಲೇ ಎರಡು ಗಂಟೆ ಹೋಗುತ್ತದೆ.

ಹೋಮ್‌ಸ್ಟೇ ಹಿಡಿಯುವಾಗ ಕಿಟಕಿಯಿಂದ ಏನು ಕಾಣುತ್ತದೆ ಎಂದು ಕೇಳಬೇಡಿ, ಇವನ್ನು ಕೇಳಿ: ಅಂಗಳ ಸಿಮೆಂಟಿನದೇ? ಪೈಪಿಗೆ ಎಷ್ಟು ನೀರು ಬರುತ್ತದೆ? ಬಚ್ಚಲಿನಲ್ಲಿ ಸೌದೆ ಒಲೆಯ ಹಂಡೆ ಇದೆಯೇ? ಗಾಳಿ ಮಳೆಗೆ ಕರೆಂಟು ಹೋದರೆ ಇನ್ವರ್ಟರ್ ಎಷ್ಟು ಹೊತ್ತು ತಡೆಯುತ್ತದೆ? ಬೆಳಗ್ಗೆ ನಾಲ್ಕೂವರೆಗೆ ಅಡುಗೆಮನೆ ಬಳಸಬಹುದೇ? ಮಳೆಗೆ ನೆನೆಯದಂತೆ ನಾಲ್ಕು ಸೈಕಲ್ ನಿಲ್ಲಿಸುವ ಬೀಗದ ಕೋಣೆ ಇದೆಯೇ? ಹಂಡೆಯಿದ್ದರೆ ಕರೆಂಟಿಲ್ಲದ ರಾತ್ರಿಯೂ ನಾಲ್ವರಿಗೆ ಬಿಸಿನೀರು ಗ್ಯಾರಂಟಿ. ಗೀಸರ್ ಮೂರನೆಯವರಿಗೆ ತಣ್ಣಗಾಗುತ್ತದೆ.

ರೇಸಿಗೆ ಎರಡು ದಿನ ಮೊದಲೇ ಚಾಲಕರು ಎಲ್ಲ ಫೀಡ್ ಝೋನ್‌ಗಳಿಗೂ ಒಮ್ಮೆ ಗಾಡಿ ಓಡಿಸಿ ನೋಡಬೇಕು. ಮಡಿಕೇರಿಯಿಂದ ವಿರಾಜಪೇಟೆ ಸುಮಾರು 30 ಕಿ.ಮೀ., ಆದರೆ ಆ ತಿರುವುಗಳಲ್ಲಿ ಒಂದು ಗಂಟೆ ಹಿಡಿಯಿರಿ. ರೈಡರ್‌ಗಳು ಬೆಟ್ಟ ಹತ್ತಿ ಆಚೆ ಇಳಿಯುವಷ್ಟರಲ್ಲಿ ನಿಮ್ಮ ಗಾಡಿ ಬೆಟ್ಟವನ್ನು ಸುತ್ತಿ ಬರಬೇಕಾಗುತ್ತದೆ. ಎರಡು ಝೋನ್‌ಗಳನ್ನು ಒಂದೇ ಗಾಡಿಯಲ್ಲಿ ಮುಟ್ಟಲು ಸಾಧ್ಯವೇ ಇಲ್ಲ ಎಂಬುದು ಹೀಗೆ ಓಡಿಸಿದಾಗಲೇ ಗೊತ್ತಾಗುವುದು. ಆಗ ಒಂದಕ್ಕೆ ಆಯೋಜಕರ ಮೂಲಕ ಚೀಲ ಕಳುಹಿಸುವ ವ್ಯವಸ್ಥೆ ಮಾಡಿಕೊಳ್ಳಬಹುದು. ಫೋನ್ ಸಿಗ್ನಲ್ ಎಲ್ಲಿ ಸಾಯುತ್ತದೆ ಎಂದು ಗುರುತು ಹಾಕಿಕೊಳ್ಳಿ. ಎರಡು ಬೇರೆ ಕಂಪನಿಗಳ ಸಿಮ್ ಇರಲಿ, ನಕ್ಷೆ ಆಫ್‌ಲೈನ್ ಇಳಿಸಿಕೊಂಡಿರಲಿ. ವಿದೇಶದಿಂದ ತಂದ ಇನ್‌ರೀಚ್‌ನಂಥ ಉಪಗ್ರಹ ಸಂವಹನ ಸಾಧನ ಭಾರತದಲ್ಲಿ ಅನುಮತಿಯಿಲ್ಲದೆ ಬಳಸುವಂತಿಲ್ಲ, ಅದನ್ನು ತರಲೇಬೇಡಿ.

ತೋಟಗಳ ಗೇಟು, ಉಣಗೋಲು (ಅಡ್ಡಗಳುಗಳ ಬಾಗಿಲು) ಹೇಗಿತ್ತೋ ಹಾಗೇ ಬಿಡಿ. ಸೋಲಾರ್ ಬೇಲಿಯ ತಂತಿ ಮುಟ್ಟಬೇಡಿ, ಅದಕ್ಕೆ ಸೈಕಲ್ ಒರಗಿಸಬೇಡಿ. ದೇವರಕಾಡಿನೊಳಗೆ ಗಾಡಿ ನಿಲ್ಲಿಸಿ ಟೇಬಲ್ ಹಾಕುವುದು ಬೇಡವೇ ಬೇಡ, ನೆರಳು ಎಷ್ಟೇ ಚೆನ್ನಾಗಿದ್ದರೂ.

ಪೆಟ್ಟಿಗೆಯಲ್ಲಿ ಏನು, ಎಷ್ಟು

12 ಸ್ಪೀಡ್ ಚೈನೋ, ನಿಮ್ಮ ಬ್ರೇಕಿಗೇ ಹೊಂದುವ ಪ್ಯಾಡೋ ಬೇಕಾದರೆ ಮೈಸೂರು, ಬೆಂಗಳೂರಿನ ಕಡೆ ನೋಡಬೇಕು. ಜಿಲ್ಲೆಗೆ ರೈಲಿಲ್ಲ. ಮಡಿಕೇರಿಯಿಂದ ಮೈಸೂರು ಸುಮಾರು 120 ಕಿ.ಮೀ. ಹೋಗಿ ಬರುವುದೆಂದರೆ ಒಂದು ದಿನದ ಕೆಲಸ ಕೆಟ್ಟಿತು. ಹಾಗಾಗಿ ಎಲ್ಲವೂ ಜತೆಗೇ ಬರಬೇಕು.

ಬ್ರೇಕ್ ಪ್ಯಾಡ್ 16 ಜೊತೆ. ಜಾಸ್ತಿಯಾಯಿತು ಅನ್ನಿಸಬಹುದು. ನಾಲ್ಕು ಸೈಕಲ್‌ಗೆ ಎಂಟು ಬ್ರೇಕ್, ಪ್ರತಿಯೊಂದಕ್ಕೂ ಎರಡು ಬದಲಿ ಎಂಬುದು ಅದರ ಲೆಕ್ಕ. ಒದ್ದೆ ಮಣ್ಣು ರೋಟರ್ ಮತ್ತು ಪ್ಯಾಡ್ ನಡುವೆ ಉಜ್ಜುವ ಕಾಗದದಂತೆ ಕೆಲಸ ಮಾಡುತ್ತದೆ. ಆರ್ಗ್ಯಾನಿಕ್ ಪ್ಯಾಡ್ ಒಂದೇ ಕೆಸರಿನ ದಿನದಲ್ಲಿ ತಗಡಿಗೆ ಇಳಿದದ್ದುಂಟು. ಕೆಸರಿಗೆ ಲೋಹಮಿಶ್ರಿತ ಸಿಂಟರ್ಡ್ ಪ್ಯಾಡ್ ಬೇಕು. ಆದರೆ ರೋಟರ್ ಮೇಲೆ ರೆಸಿನ್ (ಅಂದರೆ ಆರ್ಗ್ಯಾನಿಕ್) ಪ್ಯಾಡ್ ಮಾತ್ರ ಎಂದು ಬರೆದಿದೆಯೇ ನೋಡಿ. ಹಾಗಿದ್ದರೆ ರೋಟರನ್ನೂ ಬದಲಿಸಬೇಕು, ಇಲ್ಲವಾದರೆ ಮೆದು ಉಕ್ಕನ್ನು ಪ್ಯಾಡ್ ತಿಂದುಹಾಕುತ್ತದೆ.

ಚೈನ್ 4, ಚೈನಿನ ತುದಿಗಳನ್ನು ಸೇರಿಸುವ ಕ್ವಿಕ್ ಲಿಂಕ್ 10. 12 ಸ್ಪೀಡಿನ ಹಲವು ಲಿಂಕ್‌ಗಳು ಒಮ್ಮೆ ಮಾತ್ರ ಬಳಸುವಂಥವು, ಅದಕ್ಕೇ ಹತ್ತು. ಡಿರೇಲರ್ ಹ್ಯಾಂಗರ್ ಪ್ರತಿ ಮಾದರಿಗೆ 2, ಪೂರ್ತಿ ರಿಯರ್ ಡಿರೇಲರ್ 1. ಟೈರ್ 4, ಟ್ಯೂಬ್ 8, ತೂತಿಗೆ ತುರುಕುವ ಪ್ಲಗ್ 30, ಟೈರ್ ಒಳಗಿನಿಂದ ಹಚ್ಚುವ ಪ್ಯಾಚ್, ಹೊಲಿಯಲು ದಪ್ಪ ಸೂಜಿ ಮತ್ತು ನೈಲಾನ್ ದಾರ. ಸೀಲಂಟ್ (ಟ್ಯೂಬಿಲ್ಲದ ಟೈರಿನ ತೂತನ್ನು ತಾನೇ ಮುಚ್ಚುವ ದ್ರವ) 2 ಲೀಟರ್: 29 ಇಂಚಿನ ಟೈರಿಗೆ ಸುಮಾರು 100 ಮಿ.ಲೀ. ಎಂದರೆ ಎಂಟು ಟೈರಿಗೆ 800 ಮಿ.ಲೀ., ಉಳಿದದ್ದು ಮರುಭರ್ತಿಗೆ. ಟ್ಯೂಬ್‌ಲೆಸ್ ವಾಲ್ವ್ 4, ವಾಲ್ವ್ ಕೋರ್ 10. ಹಿಂದಿನ ಚಕ್ರ ಒಂದು, ಮುಂದಿನದು ಒಂದು, ರೋಟರ್, ಕ್ಯಾಸೆಟ್ (ಹಿಂದಿನ ಹಲ್ಲುಚಕ್ರಗಳ ಗುಚ್ಛ) ಹಾಕಿ ಟೈರ್ ಕೂರಿಸಿಟ್ಟಿರಲಿ. ಇದರ ಜತೆಗೆ ರೋಟರ್ 2, ಗೇರ್ ಕೇಬಲ್ 4, ಪೆಡಲ್ ಒಂದು ಜೊತೆ, ಕ್ಲೀಟ್ (ಶೂವನ್ನು ಪೆಡಲಿಗೆ ಸಿಕ್ಕಿಸುವ ತುಂಡು) 2 ಜೊತೆ ಮತ್ತು ಬೋಲ್ಟ್, ಸೀಟ್ ಪೋಸ್ಟ್ ಬೋಲ್ಟ್. ಕ್ಲೀಟ್ ಬೋಲ್ಟ್ ಕಳೆದುಕೊಂಡು ನಿಲ್ಲುವವರು ಪ್ರತಿ ರೇಸಿನಲ್ಲೂ ಸಿಗುತ್ತಾರೆ.

ಉಪಕರಣಗಳಲ್ಲಿ ಟಾರ್ಕ್ ವ್ರೆಂಚ್, ಹ್ಯಾಂಗರ್ ನೇರ ಮಾಡುವ ಗೇಜ್, ಚೈನ್ ಸವೆತದ ಗೇಜ್, ಶಾಕ್ ಪಂಪ್, ಗಾಳಿ ಒತ್ತಿ ತುಂಬಿಡುವ ಟ್ಯಾಂಕ್ ಇರುವ ಫ್ಲೋರ್ ಪಂಪ್, ಎರಡು ವರ್ಕ್ ಸ್ಟ್ಯಾಂಡ್, ಎರಡು ಹೆಡ್‌ಲ್ಯಾಂಪ್. ಸ್ಟ್ಯಾಂಡ್ ಒಂದೇ ಇದ್ದರೆ ರಾತ್ರಿ ಒಂದು ಗಂಟೆ ಹೆಚ್ಚು ಕೆಲಸ.

ಹೊಸ ಚೈನ್, ಕ್ಯಾಸೆಟ್, ಟೈರ್, ಕೇಬಲ್ ಯಾವುದನ್ನೂ ರೇಸಿನ ಹಿಂದಿನ ರಾತ್ರಿ ಹಾಕಬೇಡಿ. ಒಂದು ವಾರ ಮೊದಲೇ ಹಾಕಿ, ನೂರು ಕಿ.ಮೀ. ಓಡಿಸಿ. ಸವೆದ ಕ್ಯಾಸೆಟ್ ಮೇಲೆ ಹೊಸ ಚೈನ್ ಜಿಗಿಯುತ್ತದೆ ಎಂಬುದು ಮನೆಯ ಬಳಿಯೇ ತಿಳಿಯಲಿ.

ಫೀಡ್ ಝೋನ್

ಬಾಟಲಿ ಕೊಡುವ ಜಾಗ ಏರಿನಲ್ಲಿರಲಿ, ಅದೂ ಏರು ಶುರುವಾಗಿ ಮೂವತ್ತು ನಲವತ್ತು ಮೀಟರ್ ಆದ ಮೇಲೆ. ವೇಗ ತಾನಾಗಿ ಇಳಿದಿರುತ್ತದೆ. ಇಳಿಜಾರಿನ ಬುಡದಲ್ಲಿ ನಿಂತರೆ ಬಾಟಲಿ ನೆಲಕ್ಕೆ, ಇಲ್ಲವೇ ಮುಖಕ್ಕೆ. ಬಾಟಲಿಯ ಕುತ್ತಿಗೆಯನ್ನು ಮೂರು ಬೆರಳಲ್ಲಿ ಮೇಲಿನಿಂದ ಹಿಡಿದು, ಕೈ ಚಾಚಿ, ರೈಡರ್ ಹೋಗುವ ದಿಕ್ಕಿಗೇ ನಾಲ್ಕು ಹೆಜ್ಜೆ ಜತೆಗೆ ಓಡಿ. ಅವರು ಹಿಡಿದದ್ದು ಗೊತ್ತಾಗುವವರೆಗೆ ಬಿಡಬೇಡಿ. ಹಳೆಯ ಬಾಟಲಿಯನ್ನು ಅವರು ಇಪ್ಪತ್ತು ಮೀಟರ್ ಮೊದಲೇ ಎಸೆಯಲಿ, ಅದನ್ನು ಹೆಕ್ಕುವವರು ಬೇರೆಯವರು.

ನಿಮ್ಮ ಗುರುತು ದೂರಕ್ಕೆ ಕಾಣಬೇಕು. ಕಾಫಿ ತೋಟದ ಹಸಿರು, ಕಪ್ಪು, ಕಂದು ನಡುವೆ ಕೇಸರಿ ಬಣ್ಣದ ಜಾಕೆಟ್ ಒಂದನ್ನೇ ನಾಲ್ಕೂ ದಿನ ಹಾಕಿ. ಟೇಬಲ್ ಮೇಲೆ ಪ್ರತಿ ರೈಡರ್‌ಗೆ ಒಂದು ಡಬ್ಬ, ಮುಚ್ಚಳದ ಮೇಲೆ ಹೆಸರು. ಒಳಗೆ ತುಂಬಿದ ಎರಡು ಬಾಟಲಿ, ತಿಂಡಿ, ಒಣ ಕೈಗವಸು, ಒದ್ದೆ ಬಟ್ಟೆಯಿಂದ ಒರೆಸಿದ ಕನ್ನಡಕ. ಪಕ್ಕದಲ್ಲಿ ಚೈನ್ ಆಯಿಲ್, ಬ್ರಷ್, ಒಂದು ಲೀಟರ್ ನೀರು. ಕೆಸರಿನ ದಿನ ಡಿರೇಲರ್ ಮೇಲೆ ನೀರು ಸುರಿದು, ಚೈನ್ ಒರೆಸಿ, ಹನಿ ಎಣ್ಣೆ ಹಾಕುವುದಕ್ಕೆ 40 ಸೆಕೆಂಡ್ ಹಿಡಿಯುತ್ತದೆ. ಆ 40 ಸೆಕೆಂಡ್ ಕೊಡದೆ ಓಡಿದವರ ಚೈನ್ ಮುಂದಿನ ಏರಿನಲ್ಲಿ ಚೈನ್‌ರಿಂಗಿಗೆ (ಪೆಡಲ್ ಬಳಿಯ ಹಲ್ಲುಚಕ್ರ) ಅಂಟಿ, ಅದಕ್ಕೂ ಫ್ರೇಮಿಗೂ ನಡುವೆ ಸಿಕ್ಕಿಕೊಳ್ಳುತ್ತದೆ.

ಫಿನಿಶ್‌ನಿಂದ ರಾತ್ರಿ ಒಂಬತ್ತರವರೆಗೆ

ಮೊದಲ ಹತ್ತು ನಿಮಿಷ ರೈಡರ್‌ನದು. ಒಣ ಬಟ್ಟೆ, ಕುಡಿಯಲು, ಕುಳಿತುಕೊಳ್ಳಲು ಜಾಗ. ಸೈಕಲನ್ನು ಮೆಕ್ಯಾನಿಕ್ ಆಗಲೇ ಕೈಗೆ ತೆಗೆದುಕೊಳ್ಳಬೇಕು. ಒಣಗಿದ ಕೆಂಪು ಜೇಡಿಯನ್ನು ಕೀಳುವುದಕ್ಕಿಂತ ಹಸಿ ಕೆಸರು ತೊಳೆಯುವುದು ಸುಲಭ.

ತೊಳೆಯುವ ಕ್ರಮ ಹೀಗಿರಲಿ. ಒಂದು ಸೈಕಲ್‌ಗೆ ಹದಿನೈದು ನಿಮಿಷ.

1. ಪೈಪಿನ ನೀರು ಮೇಲಿನಿಂದ ಮೆಲ್ಲಗೆ ಹರಿಯಲಿ. ಪ್ರೆಷರ್ ವಾಷರ್ ಬಳಸಲೇಬೇಕಾದರೆ ಹಬ್, ಬಾಟಮ್ ಬ್ರಾಕೆಟ್, ಹೆಡ್‌ಸೆಟ್, ಸಸ್ಪೆನ್ಷನ್ ಪಿವಟ್, ಅಂದರೆ ಬೇರಿಂಗ್ ಇರುವ ಜಾಗಗಳಿಂದ ದೂರವಿಡಿ. ಸೀಲ್ ದಾಟಿ ಒಳಹೊಕ್ಕ ನೀರು ಗ್ರೀಸನ್ನು ಹಾಲಿನಂತೆ ಮಾಡುತ್ತದೆ. ಮೂರನೇ ದಿನ ಕೇಳುವ ಕಿರುಗುಟ್ಟುವ ಸದ್ದು ಹಲವು ಬಾರಿ ಅದೇ.
2. ಚೈನ್, ಕ್ಯಾಸೆಟ್‌ಗೆ ಡೀಗ್ರೀಸರ್ (ಜಿಡ್ಡು ತೆಗೆಯುವ ದ್ರಾವಣ) ಬ್ರಷ್‌ನಿಂದ ಹಚ್ಚಿ. ಸ್ಪ್ರೇ ಮಾಡಬೇಡಿ, ರೋಟರಿಗೆ ತಾಗುತ್ತದೆ.
3. ಎರಡು ಬಕೆಟ್, ಎರಡು ಬ್ರಷ್: ಎಣ್ಣೆಯ ಭಾಗಕ್ಕೆ ಒಂದು, ರೋಟರ್ ಮತ್ತು ಫ್ರೇಮಿಗೆ ಇನ್ನೊಂದು. ಇವನ್ನು ಬೆರೆಸಿದ ದಿನ ಬ್ರೇಕ್ ಕಿರುಚಲು ಶುರು.
4. ತೊಳೆದು, ಹಿಂದಿನ ಚಕ್ರ ಎತ್ತಿ ನೆಲಕ್ಕೆ ಎರಡು ಸಲ ಮೆಲ್ಲಗೆ ಕುಟ್ಟಿ ನೀರು ಉದುರಿಸಿ, ಬಟ್ಟೆಯಿಂದ ಒರೆಸಿ.
5. ಫೋರ್ಕ್ ಮತ್ತು ಶಾಕ್‌ನ ಹೊಳೆಯುವ ಕೊಳವೆಗಳನ್ನು ಬೇರೆ ಒಣ ಬಟ್ಟೆಯಿಂದ ಒರೆಸಿ. ಸೀಲಿನ ಅಂಚಿನಲ್ಲಿ ಮರಳು ಉಳಿದರೆ ಗೀರು ಬೀಳುತ್ತದೆ.

ಈಗ ಪರೀಕ್ಷೆ. ಮುಂದಿನಿಂದ ಹಿಂದಕ್ಕೆ, ದಿನಾ ಒಂದೇ ಕ್ರಮದಲ್ಲಿ. ಕ್ರಮ ತಪ್ಪಿದ ದಿನವೇ ಏನೋ ಬಿಟ್ಟುಹೋಗುವುದು.

ಟೈರಿನ ಸುತ್ತಲೂ ಬೆರಳು ಆಡಿಸಿ ಮುಳ್ಳು, ಸೀಳು ನೋಡಿ. ಚಕ್ರ ಅಲುಗಾಡಿಸಿ ಸೀಲಂಟ್ ಸದ್ದು ಕೇಳಿ. ಸದ್ದಿಲ್ಲದಿದ್ದರೆ 50 ಮಿ.ಲೀ. ಹಾಕಿ. ದಾರಿಯಲ್ಲಿ ಕಾರ್ಬನ್ ಡೈಆಕ್ಸೈಡ್ ಕಾರ್ಟ್ರಿಡ್ಜ್ ಬಳಸಿದ್ದರೆ ಆ ಗಾಳಿ ಪೂರ್ತಿ ಬಿಟ್ಟು ಪಂಪಿನಿಂದ ತುಂಬಿ. ಆ ಅನಿಲ ಬೇಗ ಸೋರುತ್ತದೆ, ಕೆಲವು ಲ್ಯಾಟೆಕ್ಸ್ ಸೀಲಂಟ್‌ಗಳನ್ನು ಗಟ್ಟಿಯೂ ಮಾಡುತ್ತದೆ. 70 ಕೆ.ಜಿ. ರೈಡರ್, 2.3 ಅಥವಾ 2.4 ಇಂಚಿನ ಟೈರ್ ಎಂದರೆ ಮುಂದೆ 20ರಿಂದ 22, ಹಿಂದೆ 23ರಿಂದ 25 ಪಿಎಸ್‌ಐ ಒಳ್ಳೆಯ ಆರಂಭ. ಬೇರು ಮತ್ತು ಜಾರು ಜೇಡಿಯಿರುವ ದಿನ 1 ಕಡಿಮೆ, ಚೂಪು ಕಲ್ಲಿನ ದಿನ 2 ಹೆಚ್ಚು. ಒಂದೇ ಗೇಜ್ ಬಳಸಿ, ಎರಡು ಗೇಜುಗಳು ಎಂದೂ ಒಪ್ಪುವುದಿಲ್ಲ.

ಬ್ರೇಕ್ ಪ್ಯಾಡ್ ಹೊರತೆಗೆದೇ ನೋಡಿ, ಕ್ಯಾಲಿಪರ್ (ಪ್ಯಾಡ್‌ಗಳು ಕೂರುವ ಬ್ರೇಕಿನ ಭಾಗ) ಸಂದಿಯಿಂದ ಇಣುಕಬೇಡಿ. ಬ್ರೇಕ್ ತಯಾರಿಸುವ ಶಿಮಾನೊ ಕಂಪನಿ ಹೇಳುವ ಕೊನೆಯ ಮಿತಿ 0.5 ಮಿ.ಮೀ. ಉಜ್ಜುಪದರ. ಸ್ರಾಮ್ ಕಂಪನಿಯದರಲ್ಲಿ ಹಿಂಬದಿಯ ತಗಡು ಸೇರಿ 3 ಮಿ.ಮೀ. ಕಾರ್ಖಾನೆಯ ಮಿತಿ ವಾರಾಂತ್ಯದ ಸವಾರಿಗೆ ಸರಿ. ಇಲ್ಲಿ ಮರುದಿನ ಮಳೆಯ ಲಕ್ಷಣವಿದ್ದರೆ ಪದರ 1 ಮಿ.ಮೀ. ಇದ್ದಾಗಲೇ ಬದಲಿಸಿ. ಪಿಸ್ಟನ್ ಒಳತಳ್ಳುವ ಮುನ್ನ ಅದರ ಸುತ್ತಲಿನ ಮಣ್ಣು ಒರೆಸಿ, ಪ್ಲಾಸ್ಟಿಕ್ ಟೈರ್ ಲಿವರ್‌ನಿಂದ ತಳ್ಳಿ. ಪ್ಯಾಡ್ ಇಲ್ಲದಾಗ ಲಿವರ್ ಒತ್ತಬೇಡಿ, ಪಿಸ್ಟನ್ ಹೊರಬರುತ್ತದೆ. ಹೊಸ ಪ್ಯಾಡ್ ಹಾಕಿದರೆ ಸಂಜೆಯೇ ಅಂಗಳದ ರಸ್ತೆಯಲ್ಲಿ ಗಂಟೆಗೆ 20 ಕಿ.ಮೀ. ವೇಗದಿಂದ ನಡಿಗೆಯ ವೇಗಕ್ಕೆ, ಚಕ್ರ ಲಾಕ್ ಆಗದಂತೆ, ಇಪ್ಪತ್ತು ಸಲ ಬ್ರೇಕ್ ಹಿಡಿಯಿರಿ. ಹೀಗೆ ಪಳಗಿಸದ ಪ್ಯಾಡನ್ನು ಮೊದಲ ಇಳಿಜಾರಿಗೆ ಒಪ್ಪಿಸಿದರೆ ಅರ್ಧ ಬ್ರೇಕೂ ಸಿಗದು, ಪ್ಯಾಡೂ ಬೇಗ ಮುಗಿಯುತ್ತದೆ. ರೋಟರ್ ದಪ್ಪವನ್ನೂ ಅಳೆಯಿರಿ: ಶಿಮಾನೊ ಹೊಸತು 1.8 ಮಿ.ಮೀ., 1.5ಕ್ಕೆ ಇಳಿದರೆ ತೆಗೆದುಹಾಕಿ.

ಚೈನ್ ಗೇಜ್ 0.5 ತೋರಿಸಿದರೆ 12 ಸ್ಪೀಡ್‌ನಲ್ಲಿ ಬದಲಿಸುವ ಹೊತ್ತು. ಎಣ್ಣೆ ಸಂಜೆಯೇ ಹಾಕಿ, ಬೆಳಗ್ಗೆ ಹೊರಭಾಗ ಒರೆಸಿ. ಒದ್ದೆ ಕಾಲದ ದಪ್ಪ ಎಣ್ಣೆಯೇ ಬೇಕು. ಒಣ ಕಾಲದ ತೆಳು ಎಣ್ಣೆ ಒಂದು ತೊರೆ ದಾಟುವಷ್ಟರಲ್ಲಿ ತೊಳೆದುಹೋಗುತ್ತದೆ. ಗೇರ್ ಸರಿಯಾಗಿ ಬೀಳುತ್ತಿಲ್ಲ ಎಂದರೆ ಕೇಬಲ್ ತಿರುಪು ಮುಟ್ಟುವ ಮೊದಲು ಹ್ಯಾಂಗರ್ ಅಳೆಯಿರಿ. ಕಾಫಿ ಗಿಡದ ಬುಡಕ್ಕೆ ತಾಗಿ ಬಿದ್ದ ಸೈಕಲ್‌ನಲ್ಲಿ ಬಾಗುವುದು ಮೊದಲು ಅದೇ. ಬಾಗಿದ ಹ್ಯಾಂಗರಿನ ಮೇಲೆ ಗೇರ್ ಹೊಂದಿಸಿಬಿಟ್ಟರೆ ಮರುದಿನ ಅತಿ ದೊಡ್ಡ ಹಲ್ಲುಚಕ್ರಕ್ಕೆ ಹಾಕಿದಾಗ ಡಿರೇಲರ್ ಚಕ್ರದ ಕಡ್ಡಿಗಳಿಗೆ ಸಿಕ್ಕಿ ಪುಡಿಯಾಗುತ್ತದೆ.

ಬೋಲ್ಟ್‌ಗಳು: ಸ್ರಾಮ್ ರೋಟರಿನ ಟಿ25 ಬೋಲ್ಟ್ ಸುಮಾರು 6 ನ್ಯೂಟನ್ ಮೀಟರ್, ಸ್ಟೆಮ್ ಸಾಮಾನ್ಯವಾಗಿ 5, ಶಿಮಾನೊ ಕ್ರ್ಯಾಂಕ್ ತೋಳಿನ ಬೋಲ್ಟ್ 12ರಿಂದ 14. ಭಾಗದ ಮೇಲೆ ಬೇರೆ ಅಂಕಿ ಮುದ್ರಿಸಿದ್ದರೆ ಅದೇ ಅಂತಿಮ. ಬಿಗಿ ನೋಡಿದ ಮೇಲೆ ಪೇಂಟ್ ಪೆನ್‌ನಿಂದ ಬೋಲ್ಟ್ ಮೇಲೆ ಗೆರೆ ಎಳೆದರೆ ನಾಳೆ ಕಣ್ಣಳತೆಯಲ್ಲೇ ಗೊತ್ತಾಗುತ್ತದೆ.

ಎಲೆಕ್ಟ್ರಾನಿಕ್ ಗೇರ್ ಇದ್ದರೆ ಬ್ಯಾಟರಿಯನ್ನು ಕರೆಂಟಿರುವ ಸಂಜೆಯೇ ಚಾರ್ಜಿಗೆ ಹಾಕಿ, ಮಲಗುವ ಮುನ್ನ ಸೈಕಲ್‌ಗೆ ಹಾಕಿ. ಬ್ಯಾಟರಿ ಸತ್ತು ಕೆಟ್ಟ ರೇಸ್‌ಗಳಿಗಿಂತ ಚಾರ್ಜರ್‌ನಲ್ಲೇ ಮರೆತುಬಂದು ಕೆಟ್ಟ ರೇಸ್‌ಗಳೇ ಹೆಚ್ಚಿರಬೇಕು.

ಹೊಟ್ಟೆ

ಓಡುವಾಗ ಗಂಟೆಗೆ 60ರಿಂದ 90 ಗ್ರಾಂ ಕಾರ್ಬೋಹೈಡ್ರೇಟ್. ತರಬೇತಿಯಲ್ಲಿ 60ಕ್ಕಿಂತ ಹೆಚ್ಚು ತಿಂದು ಅಭ್ಯಾಸವಿಲ್ಲದವರಿಗೆ ರೇಸಿನಲ್ಲಿ 90 ತಿನ್ನಿಸಿದರೆ ವಾಂತಿಯೇ ಗತಿ. ಬಾಟಲಿಗೆ ದುಬಾರಿ ಪುಡಿಯೇ ಬೇಕೆಂದಿಲ್ಲ. 750 ಮಿ.ಲೀ. ಕುದಿಸಿ ಆರಿಸಿದ ನೀರು, 45 ಗ್ರಾಂ ಸಕ್ಕರೆ, 1 ಗ್ರಾಂ ಉಪ್ಪು, ಅರ್ಧ ನಿಂಬೆ. ಇದರಲ್ಲಿ 390 ಮಿ.ಗ್ರಾಂ ಸೋಡಿಯಂ ಇದೆ. ಜತೆಗೆ ಒಂದು ಬಾಳೆಹಣ್ಣು ಎಂದರೆ ಸುಮಾರು 25 ಗ್ರಾಂ, ಹೆಬ್ಬೆರಳು ಗಾತ್ರದ 25 ಗ್ರಾಂ ಬೆಲ್ಲದ ತುಂಡಿನಲ್ಲಿ ಅಷ್ಟೇ.

ಬೆಳಗಿನ ತಿಂಡಿ ಓಟಕ್ಕೆ ಎರಡೂವರೆ ಮೂರು ಗಂಟೆ ಮೊದಲು, ದೇಹತೂಕದ ಪ್ರತಿ ಕೆ.ಜಿ.ಗೆ 2 ಗ್ರಾಂ ಕಾರ್ಬೋಹೈಡ್ರೇಟ್ ಲೆಕ್ಕ. 65 ಕೆ.ಜಿ. ರೈಡರ್‌ಗೆ 120 ಗ್ರಾಂ ಅಕ್ಕಿತರಿಯ ಕಡಂಬುಟ್ಟು (ಕೊಡಗಿನ ಅಕ್ಕಿ ಉಂಡೆ), ಒಂದು ಬಾಳೆಹಣ್ಣು, ಒಂದು ಲೋಟ ಬೆಲ್ಲದ ಕಾಫಿ ಎಂದರೆ ಸರಿಹೋಯಿತು. ಕಡಂಬುಟ್ಟು, ನೂಲುಪುಟ್ಟು (ಅಕ್ಕಿ ಶಾವಿಗೆ) ಎರಡೂ ಆವಿಯಲ್ಲಿ ಬೆಂದವು, ಎಣ್ಣೆಯಿಲ್ಲ, ನಾರು ಕಡಿಮೆ. ರೇಸಿನ ಬೆಳಗಿಗೆ ಹೇಳಿ ಮಾಡಿಸಿದಂತಿವೆ. ಪಾಪುಟ್ಟಿನಲ್ಲಿ ತೆಂಗಿನಕಾಯಿಯ ಕೊಬ್ಬಿದೆ, ಸಂಜೆಗಿರಲಿ. ಪಂದಿಕರಿಯ (ಹಂದಿಮಾಂಸದ ಪಲ್ಯ) ಬಗ್ಗೆ ಮನೆಯವರು ಒತ್ತಾಯ ಮಾಡುತ್ತಾರೆ, ರೈಡರ್‌ಗಳ ಬಾಯಲ್ಲೂ ನೀರೂರುತ್ತದೆ. ಕಾಚಂಪುಳಿ (ಕೊಡಗಿನ ಕಪ್ಪು ಹುಳಿರಸ) ಹಾಕಿದ ಆ ಕೊಬ್ಬಿನ ಮಾಂಸ ಹೊಟ್ಟೆಯಲ್ಲಿ ಗಂಟೆಗಟ್ಟಲೆ ಕೂರುತ್ತದೆ. ಕೊನೆಯ ರಾತ್ರಿಗೆ ಮೀಸಲಿಡಿ, ಅಲ್ಲಿಯವರೆಗೆ ಮೂವರು ಸಹಾಯಕರು ಬೇಕಾದರೆ ಕದ್ದು ತಿನ್ನಲಿ.

ಫಿನಿಶ್ ಆದ ಅರ್ಧ ಗಂಟೆಯೊಳಗೆ ಪ್ರತಿ ಕೆ.ಜಿ.ಗೆ 1 ಗ್ರಾಂ ಕಾರ್ಬೋಹೈಡ್ರೇಟ್, ಜತೆಗೆ 20 ಗ್ರಾಂ ಪ್ರೋಟೀನ್. ಅರ್ಧ ಲೀಟರ್ ಹಾಲಿಗೆ 25 ಗ್ರಾಂ ಬೆಲ್ಲ, ಒಂದು ಬಾಳೆಹಣ್ಣು, ಪಕ್ಕದಲ್ಲಿ ಒಂದು ಬೇಯಿಸಿದ ಮೊಟ್ಟೆ: ಲೆಕ್ಕ ತೀರಿತು. ಒಂದು ಗಂಟೆ ಬಿಟ್ಟು ಅನ್ನದ ಊಟ. ಬೆಳಗ್ಗೆ ಮತ್ತು ಫಿನಿಶ್‌ನಲ್ಲಿ ತೂಕ ನೋಡಿ. 2 ಶೇಕಡಾಕ್ಕಿಂತ ಹೆಚ್ಚು ಇಳಿದಿದ್ದರೆ ಕುಡಿದದ್ದು ಸಾಲದು. ತೂಕ ಏರಿದ್ದರೆ ಬರಿ ನೀರು ಜಾಸ್ತಿಯಾಗಿದೆ, ಅದು ಇನ್ನೂ ಅಪಾಯ. ತಲೆನೋವು, ವಾಕರಿಕೆಯೂ ಇದ್ದರೆ ವೈದ್ಯರಿಗೆ ತೋರಿಸಿ.

ಹೊಟ್ಟೆ ಕೆಡುವುದಕ್ಕೆ ಅಡುಗೆಯನ್ನೇ ಬೈಯುತ್ತೇವೆ. ನಿಜವಾದ ದಾರಿ ಬಾಟಲಿಯ ಮೂತಿ. ಗದ್ದೆ ಬದಿಯ, ದನ ಓಡಾಡುವ ದಾರಿಯ ಕೆಸರಿನಲ್ಲಿ ಸಗಣಿ ಇರುತ್ತದೆ, ಚಕ್ರದಿಂದ ಹಾರಿ ಮೂತಿಗೆ, ಅಲ್ಲಿಂದ ಬಾಯಿಗೆ. ಕೆಸರಿನ ಸೈಕಲ್ ರೇಸ್‌ಗಳಲ್ಲಿ ಕ್ಯಾಂಪಿಲೋಬ್ಯಾಕ್ಟರ್ ಭೇದಿ ಹಬ್ಬಿದ್ದು ಹೀಗೆಯೇ. ಮುಚ್ಚಳವಿರುವ ಬಾಟಲಿ ಬಳಸಿ, ಕುಡಿಯುವ ಮುನ್ನ ಒಂದು ಹಿಂಡು ನೆಲಕ್ಕೆ ಚೆಲ್ಲಿಸಿ, ರಾತ್ರಿ ಮೂತಿ ಬಿಚ್ಚಿ ಬಿಸಿನೀರಿನಲ್ಲಿ ತೊಳೆಯಿರಿ.

ಚರ್ಮ, ಬಟ್ಟೆ, ಜಿಗಣೆ

ಪ್ರತಿ ರೈಡರ್‌ಗೆ ಕೂರುವಲ್ಲಿ ಮೆತ್ತೆಯಿರುವ ಸೈಕ್ಲಿಂಗ್ ಚಡ್ಡಿ ನಾಲ್ಕು. ಒಗೆದರೆ ಒಣಗುತ್ತದೆ ಎಂಬ ನಂಬಿಕೆ ಬಯಲುಸೀಮೆಯದು. ಆದರೂ ಬೇಗ ಒಣಗಿಸಬೇಕಾದರೆ: ಹಿಂಡಿ, ಒಣ ಟವೆಲ್‌ನಲ್ಲಿ ಸುರುಳಿ ಸುತ್ತಿ ಮೇಲೆ ನಿಂತು ತುಳಿಯಿರಿ, ಆಮೇಲೆ ಫ್ಯಾನಿನ ಕೆಳಗೆ ಹಗ್ಗಕ್ಕೆ ಹಾಕಿ. ಶೂ ಒಳಗೆ ದಿನಪತ್ರಿಕೆ ತುರುಕಿ ಒಂದು ಗಂಟೆಗೆ ಬದಲಿಸಿ, ಮಲಗುವ ಮುನ್ನ ಮತ್ತೊಮ್ಮೆ. ಹಂಡೆ ಒಲೆಯ ಕೋಣೆಯ ಬೆಚ್ಚಗಿನ ಗಾಳಿ ಸಾಕು. ಒಲೆಯ ಕಟ್ಟೆಯ ಮೇಲಿಟ್ಟರೆ ಅಟ್ಟೆಯ ಅಂಟು ಬಿಡುತ್ತದೆ.

ಫಿನಿಶ್ ಆದ ಕೂಡಲೇ ಚಡ್ಡಿ ಬಿಚ್ಚಿ ಸ್ನಾನ. ಕೂರುವ ಜಾಗದಲ್ಲಿ ಕೆಂಪು ಗಂಟು ಕಂಡರೆ ಚಿವುಟದೆ, ತೊಳೆದು ಒಣಗಿಸಿ, ಸಡಿಲ ಹತ್ತಿ ಬಟ್ಟೆ ಹಾಕಿಸಿ. ಮರುದಿನ ಚರ್ಮ ಉಜ್ಜದಂತೆ ಹಚ್ಚುವ ಚಮೋಯ್ ಕ್ರೀಮ್ ಧಾರಾಳವಾಗಿರಲಿ.

ಜಿಗಣೆ ಹತ್ತಿದರೆ ಬೆಂಕಿ ಕಡ್ಡಿ, ಉಪ್ಪು, ಸುಣ್ಣ ಬೇಡ. ಕೆರಳಿದ ಜಿಗಣೆ ಹೊಟ್ಟೆಯಲ್ಲಿದ್ದದ್ದನ್ನು ಗಾಯಕ್ಕೇ ಕಕ್ಕಬಹುದು. ಚೂಪಾದ ತುದಿಯ ಬಳಿ ಉಗುರನ್ನು ಚರ್ಮಕ್ಕೆ ಒತ್ತಿ ಪಕ್ಕಕ್ಕೆ ಸರಿಸಿದರೆ ಬಿಡುತ್ತದೆ. ರಕ್ತ ಹೆಪ್ಪುಗಟ್ಟದಂತೆ ಅದು ಹಿರುಡಿನ್ ಬಿಟ್ಟಿರುವುದರಿಂದ ಬಹಳ ಹೊತ್ತು ಜಿನುಗಬಹುದು, ಹತ್ತಿ ಒತ್ತಿ ಕಟ್ಟಿ. ಕೆರೆದು ಹುಣ್ಣಾಗಲು ಬಿಡಬೇಡಿ.

ಬಿದ್ದಾಗ

ತಲೆಗೆ ಪೆಟ್ಟು ಬಿದ್ದು ಗೊಂದಲ, ವಾಂತಿ, ಮರೆವು, ತಲೆಸುತ್ತು ಯಾವುದೊಂದು ಇದ್ದರೂ ಅವರ ರೇಸ್ ಅಲ್ಲಿಗೆ ಮುಗಿಯಿತು. ಅದನ್ನು ತೀರ್ಮಾನಿಸುವವರು ಯಾರು ಎಂದು ಮೊದಲ ದಿನವೇ ನಿಗದಿ ಮಾಡಿ, ರೈಡರ್‌ನ ಸಹಿಯನ್ನೂ ಹಾಕಿಸಿಕೊಳ್ಳಿ. ಬಿರುಕು ಬಿಟ್ಟ ಹೆಲ್ಮೆಟ್ ಮತ್ತೆ ತಲೆಗೇರಬಾರದು, ಹಾಗಾಗಿ ಬದಲಿ ಹೆಲ್ಮೆಟ್ ಒಂದಿರಲಿ. ಎಲ್ಲರೂ ಟೆಟನಸ್ ಚುಚ್ಚುಮದ್ದು ಹಾಕಿಸಿಕೊಂಡು ಬರಲಿ. ನೀರು ಕಡಿಮೆಯಾದ ದೇಹಕ್ಕೆ ಐಬುಪ್ರೊಫೆನ್ ಕೊಡಬೇಡಿ, ಮೂತ್ರಪಿಂಡಕ್ಕೆ ಹೊಡೆತ. ಹಾವು ಕಚ್ಚಿದರೆ ಕೊಯ್ಯದೆ, ಬಿಗಿಯಾಗಿ ಕಟ್ಟದೆ, ಆ ಅಂಗ ಅಲುಗದಂತೆ ಹಿಡಿದು ನೇರ ಆಸ್ಪತ್ರೆಗೆ. ಮಡಿಕೇರಿಯಲ್ಲಿ ಕೊಡಗು ವೈದ್ಯಕೀಯ ವಿಜ್ಞಾನಗಳ ಸಂಸ್ಥೆಯ ಆಸ್ಪತ್ರೆ ಇದೆ, ಆಂಬ್ಯುಲೆನ್ಸಿಗೆ 108. ಪ್ರತಿ ಫೀಡ್ ಝೋನ್‌ನಿಂದ ಹತ್ತಿರದ ಆಸ್ಪತ್ರೆಗೆ ಎಷ್ಟು ನಿಮಿಷ ಎಂದು ಚಾಲಕರ ಹಾಳೆಯಲ್ಲಿರಲಿ.

ಸಿದ್ದಾಪುರ, ಅಮ್ಮತ್ತಿ, ವಿರಾಜಪೇಟೆ ಕಡೆಯ ತೋಟಗಳಲ್ಲಿ ಆನೆ ಓಡಾಡುತ್ತದೆ. ಮಬ್ಬಿನಲ್ಲಿ ಪ್ಯಾಡ್ ಪಳಗಿಸಲು ಒಬ್ಬರೇ ತೋಟದ ದಾರಿಗೆ ಹೋಗಬೇಡಿ. ರಸ್ತೆಯಲ್ಲಿ ಆನೆ ಕಂಡರೆ ದೂರದಲ್ಲೇ ನಿಲ್ಲಿಸಿ, ಹಾರ್ನ್ ಮಾಡದೆ ಹಿಂದೆ ಸರಿಯಿರಿ. ರೈಡರ್ ಕಾಯಲಿ ಬಿಡಿ. ಬೆಳಗ್ಗೆ ಹೊರಡುವ ಮುನ್ನ ಆನೆ ಎಲ್ಲಿದೆ ಎಂದು ತೋಟದ ರೈಟರ್‌ಗೆ (ಲೆಕ್ಕ ಬರೆಯುವವರಿಗೆ) ಒಂದು ಫೋನ್ ಮಾಡಿದರೆ ಗೊತ್ತಾಗುತ್ತದೆ.

ಕೊನೆಯ ಸಂಜೆ

ದಣಿದಿದ್ದೀರಿ, ಪಂದಿಕರಿಯ ಪರಿಮಳ ಬರುತ್ತಿದೆ, ಆದರೂ ಸೈಕಲ್ ತೊಳೆದು ಒಣಗಿಸಿಯೇ ಕಟ್ಟಿ. ಒದ್ದೆ ಸೈಕಲನ್ನು ಚೀಲದಲ್ಲಿಟ್ಟು ಬೆಂಗಳೂರಿಗೆ ಒಯ್ದರೆ ವಾರದಲ್ಲಿ ಬೇರಿಂಗ್ ತುಕ್ಕು. ಯಾವ ಬಿಡಿಭಾಗ ಎಷ್ಟು ಖರ್ಚಾಯಿತು ಎಂದು ಅಂದೇ ಬರೆದಿಡಿ, ಮುಂದಿನ ಸಲದ ಪಟ್ಟಿ ಅದೇ. ಬಳಸಿದ ಡೀಗ್ರೀಸರ್ ನೀರು ತೋಡಿಗೆ ಹೋಗದಂತೆ ಬಕೆಟ್‌ನಲ್ಲಿ ಹಿಡಿದು ಕ್ಯಾನಿಗೆ ತುಂಬಿಕೊಂಡು ಬನ್ನಿ. ಕೊನೆಗೆ ಅಂಗಳ. ಎಣ್ಣೆ ಬಿದ್ದಲ್ಲಿ ಮರದ ಪುಡಿ ಹಾಕಿ ಗುಡಿಸಿ, ಸೋಪು ಹಾಕಿ ಉಜ್ಜಿ, ಎರಡು ಸಲ ನೀರು ಬಿಡಿ. ಕುಯ್ಲು ಶುರುವಾದರೆ ಅವರು ಕಾಫಿ ಒಣಗಲು ಹಾಕುವುದು ಅಲ್ಲೇ, ಮತ್ತು ಕಾಫಿ ಬೀಜ ಪಕ್ಕದ ವಾಸನೆಯನ್ನೆಲ್ಲ ಹೀರಿಕೊಳ್ಳುತ್ತದೆ.